ಕಥಾನಾಯಕನಿಗೆ ಸಂಸಾರ ಕೊಡುವ ಬಗೆ

ಹೊಸದಾಗಿ ಬರೆಯುತ್ತಿರುವವರ ಕಥೆಗಳನ್ನು ಕೆಲವು ವರ್ಷಗಳಿಂದ ಕರಡಿನ ಹಂತದಲ್ಲಿಯೇ ಓದುತ್ತ ಬಂದಿರುವ ನನಗೆ, ಅವುಗಳಲ್ಲಿ ಬಹುಪಾಲು ಕಥೆಗಳ ಮುಖ್ಯಪಾತ್ರ ಒಂಟಿಯಾಗಿರುವುದು ಎದ್ದು ಕಾಣುತ್ತದೆ. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿರುವ ಮದುವೆಯಾಗದ ತರುಣ, ವಿಚ್ಛೇದನ ಪಡೆದು ಬೇರೆ ಊರಿಗೆ ವರ್ಗವಾಗಿ ಬಂದ ಅಧ್ಯಾಪಕಿ, ಹೆಂಡತಿ ತೀರಿಕೊಂಡ ಮೇಲೆ ಹಳೆಯ ಮನೆಗೆ ಮರಳುವ ನಿವೃತ್ತ ಗುಮಾಸ್ತ, ಗಂಡ ದುಬೈಯಲ್ಲಿರುವುದರಿಂದ ಒಬ್ಬಳೇ ಮನೆ ನಡೆಸುವ ಹೆಣ್ಣು ಮೊದಲಾದವರು ಮತ್ತೆ ಮತ್ತೆ ಬರುತ್ತಾರೆ. ಇಂಥವರು ನಮ್ಮ ನಡುವೆ ಇದ್ದಾರೆ, ಅವರ ಕಥೆಗಳೂ ನಮಗೆ ಬೇಕು. ಆದರೆ ನಮ್ಮ ಕೇರಿಗಳಲ್ಲಿ, ಕಚೇರಿಗಳಲ್ಲಿ ಗಂಡ ಅಥವಾ ಹೆಂಡತಿಯೊಡನೆ ಒಂದೇ ಸೂರಿನಡಿ ಬದುಕುತ್ತ, ದಿನಕ್ಕೆ ಹತ್ತು ಸಲ ಪರಸ್ಪರ ಕೇಳಿ, ಕೇಳದೆಯೇ ಊಹಿಸಿ, ಮುನಿದು, ಹೊಂದಿಕೊಂಡು ತೀರ್ಮಾನಗಳನ್ನು ತೆಗೆದುಕೊಳ್ಳುವ ಜನ ಕಥೆಯ ನಡುಮನೆಗೆ ಬರುವುದು ಅಪರೂಪವಾಗಿದೆ. ಅವರು ಪಕ್ಕದ ಮನೆಯವರಾಗಿಯೋ ನಾಯಕನ ಅಣ್ಣ ಅತ್ತಿಗೆಯರಾಗಿಯೋ ಜಗಲಿಯಲ್ಲೇ ನಿಂತುಬಿಡುತ್ತಾರೆ. ನಿಮ್ಮ ಮುಖ್ಯಪಾತ್ರದ ಒಂಟಿತನ ಕಥೆಗೆ ಬೇಕಾಗಿ ಬಂದದ್ದೋ ಅಥವಾ ಅನುಕೂಲಕ್ಕೆ ಬಂದದ್ದೋ ಎಂದು ಪರೀಕ್ಷಿಸುವುದು ಹೇಗೆ, ಅನುಕೂಲಕ್ಕೆ ಬಂದದ್ದಾದರೆ ಆ ಪಾತ್ರಕ್ಕೆ ಸಂಸಾರವನ್ನು ಕೊಟ್ಟು ಕಥೆಯನ್ನು ಮುನ್ನಡೆಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ.

ಮೊದಲು ಈ ಒಲವು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಒಂಟಿ ಮನುಷ್ಯ ಯಾರನ್ನೂ ಕೇಳಬೇಕಾಗಿಲ್ಲ. ಮಧ್ಯರಾತ್ರಿ ಬಂದ ಒಂದು ಕರೆಗೆ ಎದ್ದು, ಬೀಗ ಹಾಕಿ, ಹುಬ್ಬಳ್ಳಿಯ ಬಸ್ಸು ಹತ್ತಬಲ್ಲ. ಕೆಲಸ ಬಿಡಬಲ್ಲ, ಅಪರಿಚಿತರನ್ನು ಮನೆಯೊಳಗೆ ಕರೆಯಬಲ್ಲ, ಮೂರು ದಿನ ಯಾರೊಡನೆಯೂ ಮಾತನಾಡದೆ ಕಿಟಕಿಯ ಬಳಿ ಕುಳಿತಿರಬಲ್ಲ. ಲೇಖಕನಿಗೆ ಇದರಿಂದ ಬರೆಯುವ ಕೆಲಸ ಅರ್ಧದಷ್ಟು ಕಡಿಮೆಯಾಗುತ್ತದೆ. ಇದಕ್ಕಿಂತ ಆಳವಾದ ಇನ್ನೊಂದು ಕಾರಣವೂ ಉಂಟು. ಮದುವೆ ಎಂದರೆ ಕಥೆ ಮುಗಿಯಿತು ಎಂಬ ಭಾವನೆ ನಮ್ಮೊಳಗೆ ಬೇರೂರಿದೆ. ತಾಳಿ ಕಟ್ಟಿದೊಡನೆ ಪರದೆಯ ಮೇಲೆ ‘ಶುಭಂ’ ಎಂದು ಬರುತ್ತಿದ್ದ ಹಳೆಯ ಸಿನಿಮಾಗಳು ಅದನ್ನು ಇನ್ನಷ್ಟು ಗಟ್ಟಿಮಾಡಿದವು.

ಮುಂದುವರಿಯುತ್ತಲೇ ಇರಬೇಕಾದ ಕಥಾಮಾಲೆಗಳಲ್ಲಿ ಈ ಒತ್ತಡ ಎಷ್ಟು ಬಲವಾಗಿರುತ್ತದೆ ಎಂಬುದಕ್ಕೆ ಇಂಗ್ಲಿಷಿನಿಂದ ಎರಡು ನಿದರ್ಶನಗಳನ್ನು ಕೊಡಬಹುದು. ಷರ್ಲಾಕ್ ಹೋಮ್ಸ್ ಅವಿವಾಹಿತ. ಅವನ ಕಥೆಗಳನ್ನು ಹೇಳುವ ಡಾಕ್ಟರ್ ವಾಟ್ಸನ್‌ಗೆ 1890ರ ಕಾದಂಬರಿಯ ಕೊನೆಯಲ್ಲಿ ಮೇರಿ ಮಾರ್ಸ್ಟನ್ ಜೊತೆ ಮದುವೆ ನಿಶ್ಚಯವಾಗುತ್ತದೆ. ಆದರೆ ಹೋಮ್ಸ್‌ನನ್ನು ಮತ್ತೆ ಜೀವಂತವಾಗಿ ಕರೆತಂದ 1903ರ ಕಥೆಯ ಹೊತ್ತಿಗೆ ವಾಟ್ಸನ್‌ಗೆ ಸಾವಿನ ದುಃಖವೊಂದು ಒದಗಿದೆ ಎಂಬ ಒಂದೇ ಒಂದು ಸೂಚನೆ ಬರುತ್ತದೆ, ಅದು ಹೆಂಡತಿಯ ಸಾವೆಂದೇ ಓದುಗರು ತಿಳಿದಿದ್ದಾರೆ, ಮತ್ತು ಅವನು ಬೇಕರ್ ಬೀದಿಯ ಹಳೆಯ ಮನೆಗೆ ಮರಳುತ್ತಾನೆ. ಅಮೆರಿಕದ ಕಾಮಿಕ್ಸ್ ಪುಸ್ತಕಗಳ ಸ್ಪೈಡರ್‌ಮ್ಯಾನ್‌ಗೆ 1987ರಲ್ಲಿ ಮೇರಿ ಜೇನ್ ಜೊತೆ ಮದುವೆಯಾಯಿತು. 2007ರಲ್ಲಿ ಶುರುವಾದ ಕಥಾಸರಣಿಯೊಂದರಲ್ಲಿ ಆ ಮದುವೆ ನಡೆದೇ ಇರಲಿಲ್ಲ ಎನ್ನುವಂತೆ ಅಳಿಸಿಹಾಕಲಾಯಿತು. ಕಥೆಯನ್ನು ಮುಂದುವರಿಸಲು ಹೆಂಡತಿಯನ್ನು ತೆಗೆಯುವುದೇ ಸುಲಭ ಎಂದು ಅನುಭವಿಗಳಾದ ಬರಹಗಾರರಿಗೂ ಅನ್ನಿಸಿದೆ.

ನಮ್ಮ ಪರಂಪರೆಯಲ್ಲಿ ಇದಕ್ಕೆ ಎರಡು ಮುಖಗಳಿವೆ. ಲಕ್ಷ್ಮಣ ಕಾಡಿಗೆ ಹೊರಟಾಗ ಊರ್ಮಿಳೆ ಅಯೋಧ್ಯೆಯಲ್ಲೇ ಉಳಿಯುತ್ತಾಳೆ, ಹದಿನಾಲ್ಕು ವರ್ಷ ಕಥೆಯೂ ಅವಳ ಕಡೆಗೆ ತಿರುಗುವುದಿಲ್ಲ. ಮದುವೆಯಾದವನನ್ನು ಒಂಟಿಯನ್ನಾಗಿ ಮಾಡಿಕೊಳ್ಳುವ ಕ್ರಮಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾದರಿ ಇಲ್ಲ. ಇನ್ನೊಂದು ಕಡೆ ರಾಘವಾಂಕನ ಹರಿಶ್ಚಂದ್ರನನ್ನು ನೋಡಿ. ಆ ಅರಸನಿಗೆ ಚಂದ್ರಮತಿ ಇಲ್ಲದೆ ಹೋಗಿದ್ದರೆ, ಲೋಹಿತಾಶ್ವ ಹುಟ್ಟದೆ ಹೋಗಿದ್ದರೆ, ಅವನು ಸತ್ಯಕ್ಕಾಗಿ ರಾಜ್ಯವನ್ನು ಬಿಟ್ಟು ಮಸಣ ಕಾಯುವುದು ಒಬ್ಬನ ಕಷ್ಟವಾಗಿಯಷ್ಟೇ ಉಳಿಯುತ್ತಿತ್ತು. ಹೆಂಡತಿಯನ್ನು ಮಾರಬೇಕಾದಾಗ, ಮಗನ ಹೆಣಕ್ಕೂ ಸುಂಕ ಕೇಳಬೇಕಾದಾಗ, ಕೊನೆಗೆ ಅವಳ ಕೊರಳಿಗೇ ಕತ್ತಿ ಎತ್ತಬೇಕಾದಾಗ ಅವನ ಸತ್ಯದ ಭಾರ ಓದುಗನಿಗೆ ತಿಳಿಯುತ್ತದೆ. ಸಂಸಾರಸ್ಥನ ತೀರ್ಮಾನಕ್ಕೆ ಇನ್ನೊಬ್ಬರೂ ಬೆಲೆ ತೆರುತ್ತಾರೆ. ಈ ಒಂದು ಸಂಗತಿಯನ್ನು ಕೈಯಲ್ಲಿ ಹಿಡಿದುಕೊಂಡರೆ ಮುಂದಿನ ಕೆಲಸವೆಲ್ಲ ಇದರಿಂದಲೇ ಹೊರಡುತ್ತದೆ.

ಒಂಟಿತನವನ್ನು ಪರೀಕ್ಷಿಸುವುದು

ನಿಮ್ಮ ಕರಡನ್ನು ಪಕ್ಕಕ್ಕಿಟ್ಟು, ಬೇರೆ ಹಾಳೆಯಲ್ಲಿ ‘ಈ ಮನುಷ್ಯ ಏಕೆ ಒಂಟಿಯಾಗಿದ್ದಾನೆ’ ಎಂಬ ಪ್ರಶ್ನೆಗೆ ಪಾತ್ರದ ಬದುಕಿನೊಳಗಿನಿಂದಲೇ ಉತ್ತರ ಬರೆಯಿರಿ. ‘ಕಥೆ ಹೀಗೆ ನಡೆಯಬೇಕಾಗಿತ್ತು’ ಎಂಬುದು ನಿಮ್ಮ ಉತ್ತರವೇ ಹೊರತು ಅವನದಲ್ಲ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ (1936) ಹೂವಯ್ಯ ಮದುವೆಯಾಗದೆ ಉಳಿಯುವುದಕ್ಕೆ ಕಾರಣ ಕಾದಂಬರಿಯ ಒಡಲಲ್ಲೇ ಇದೆ: ಅವನು ಒಲಿದ ಸೀತೆಯ ಮದುವೆ ಬೇರೊಬ್ಬನೊಡನೆ ನಡೆಯುತ್ತದೆ, ಆ ನೋವು ಅವನ ಚಿಂತನೆಯಿಂದ ಬೇರ್ಪಡಿಸಲಾಗದಂತೆ ಬೆರೆತಿದೆ. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಪ್ರಾಣೇಶಾಚಾರ್ಯರಿಗೆ ಹೆಂಡತಿ ಇದ್ದಾಳೆ, ಆದರೆ ಅವಳು ರೋಗಿ, ಕಥೆಯ ನಡುವೆ ತೀರಿಕೊಳ್ಳುತ್ತಾಳೆ, ಆಮೇಲೆ ಆಚಾರ್ಯರು ಅಗ್ರಹಾರ ಬಿಟ್ಟು ಅಲೆಯಲು ಹೊರಡುತ್ತಾರೆ. ಮೇಲ್ನೋಟಕ್ಕೆ ಇದೂ ನಾಯಕನ ಕಾಲಿನ ಬಂಧ ಬಿಚ್ಚುವ ಉಪಾಯದಂತೆ ಕಾಣಬಹುದು. ಆದರೆ ಭಾಗೀರಥಿಯ ಕಾಯಿಲೆಯನ್ನು ಆಚಾರ್ಯರು ತಮ್ಮ ತ್ಯಾಗದ ಸಾಧನವನ್ನಾಗಿ ಮಾಡಿಕೊಂಡಿದ್ದಾರೆ. ಅವಳನ್ನು ಮೀಯಿಸಿ ಉಣಿಸುವ ನಿತ್ಯದ ಸೇವೆಯಲ್ಲೇ ಅವರ ಹಿರಿಮೆಯೂ ಅವರ ಕುರುಡೂ ಅಡಗಿವೆ. ಅವಳನ್ನು ತೆಗೆದರೆ ಆ ಮನುಷ್ಯ ಅರ್ಥವಾಗುವುದಿಲ್ಲ.

ಇದನ್ನು ನಾನು ಓದುವ ಕರಡುಗಳಲ್ಲಿ ಬರುವ ‘ಹಾರ ಹಾಕಿದ ಫೋಟೊ’ದೊಂದಿಗೆ ಹೋಲಿಸಿ. ಗೋಡೆಯ ಮೇಲೆ ತೀರಿಹೋದ ಹೆಂಡತಿಯ ಚಿತ್ರ, ಕೆಳಗೆ ಕೆಂಪು ದೀಪ. ಅವಳಿಗೆ ಏನು ಇಷ್ಟವಿತ್ತು, ಯಾವ ವಿಷಯಕ್ಕೆ ಸಿಟ್ಟು ಬರುತ್ತಿತ್ತು, ಅವಳು ಹೋದ ಮೇಲೆ ಮನೆಯ ಯಾವ ಕೆಲಸ ನಿಂತುಹೋಯಿತು ಎಂಬುದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಆ ಫೋಟೊವನ್ನು ಕಥೆಯಿಂದ ಇಳಿಸಿ ನೋಡಿ. ಬೇರೇನೂ ಬದಲಾಗದಿದ್ದರೆ ಆ ಸಾವು ಕಥೆಗೆ ಬೇಕಾದದ್ದಲ್ಲ.

ಒಂಟಿತನ ನಿಜವಾಗಿಯೂ ಬೇಕು ಎಂದು ತೀರ್ಮಾನವಾದರೆ ಅದನ್ನು ಪೂರ್ತಿಯಾಗಿ ಬರೆಯಿರಿ. ನಮ್ಮ ಊರುಗಳಲ್ಲಿ ಮದುವೆಯಾಗದವರಿಗೆ ಬಾಡಿಗೆ ಮನೆ ಸಿಗುವುದು ಕಷ್ಟ, ನೆಂಟರ ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲೇ ವಿಚಾರಣೆ ನಡೆಯುತ್ತದೆ, ಜ್ವರ ಬಂದರೆ ಗಂಜಿಗೂ ತಾವೇ ಏಳಬೇಕು. ಅನುಕೂಲಕ್ಕಾಗಿ ಒಂಟಿಯಾದ ಪಾತ್ರಕ್ಕೆ ಇವು ಯಾವುವೂ ತಟ್ಟುವುದಿಲ್ಲ, ಅದೇ ಅವನ ಗುರುತು.

ಜೊತೆಗಾರರಿಗೆ ಅವರದೇ ಚಿಂತೆ

ಈಗ ಮುಖ್ಯಪಾತ್ರಕ್ಕೆ ಹೆಂಡತಿಯನ್ನೋ ಗಂಡನನ್ನೋ ಕೊಡಬೇಕು ಎಂದು ನಿರ್ಧರಿಸಿದಿರಿ ಎನ್ನಿ. ಒಂದು ಕಥೆಯನ್ನೇ ಇಟ್ಟುಕೊಂಡು ಹೇಳುವುದು ಮೇಲು. ಸಣ್ಣ ಪಟ್ಟಣವೊಂದರ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವ ಮೇಷ್ಟ್ರು, ಮಕ್ಕಳಿಗೆ ಊರಿನ ಚರಿತ್ರೆ ತೋರಿಸಲೆಂದು ಹಳೆಯ ಗ್ರಾಮನಕ್ಷೆಯನ್ನು ತರಿಸುತ್ತಾರೆ. ನಕ್ಷೆಯಲ್ಲಿರುವ ಕೆರೆ ಈಗಿರುವ ಕೆರೆಗಿಂತ ಬಹಳ ದೊಡ್ಡದು. ಕೆರೆಯಂಗಳದ ಒಂದು ಭಾಗ ಸೈಟುಗಳಾಗಿ ಮಾರಾಟವಾಗಿದೆ. ಈ ವಿಷಯದಲ್ಲಿ ಅವರು ತಹಶೀಲ್ದಾರರ ಮುಂದೆ ಹೇಳಿಕೆ ಕೊಡಬೇಕಾಗಿ ಬರುತ್ತದೆ. ಮೊದಲ ಕರಡಿನಲ್ಲಿ ಮೇಷ್ಟ್ರು ಅವಿವಾಹಿತರು. ಬೆದರಿಕೆ ಬರುತ್ತದೆ, ರಾತ್ರಿ ಯಾರೋ ಬಾಗಿಲು ಬಡಿಯುತ್ತಾರೆ, ಮೇಷ್ಟ್ರು ಧೈರ್ಯ ತಂದುಕೊಂಡು ಹೇಳಿಕೆ ಕೊಡುತ್ತಾರೆ. ಕಥೆ ತಪ್ಪಿಲ್ಲ, ಆದರೆ ತೆಳುವಾಗಿದೆ. ಅವರ ಧೈರ್ಯವನ್ನು ಪರೀಕ್ಷಿಸುವವರು ಹೊರಗಿನ ದುಷ್ಟರು ಮಾತ್ರ.

ಎರಡನೆಯ ಕರಡಿನಲ್ಲಿ ಅವರಿಗೆ ಮದುವೆಯಾಗಿ ಹದಿನಾರು ವರ್ಷ. ಇಲ್ಲಿ ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಹೆಂಡತಿಯನ್ನು ತಡೆಗೋಡೆಯನ್ನಾಗಿ ನಿಲ್ಲಿಸುವುದು: ‘ನಿಮಗ್ಯಾಕೆ ಊರ ಉಸಾಬರಿ’ ಎಂದು ಅವಳು ಅಳುತ್ತಾಳೆ, ಅವರು ಆದರ್ಶದ ಮಾತಾಡುತ್ತಾರೆ, ಕೊನೆಗೆ ಅವಳು ಒಪ್ಪುತ್ತಾಳೆ. ಹೀಗೆ ಮಾಡಿದರೆ ಬಾಗಿಲು ಬಡಿಯುವವರ ಸಂಖ್ಯೆ ಒಂದು ಹೆಚ್ಚಿದಂತಾಗುತ್ತದೆಯೇ ಹೊರತು ಸಂಸಾರ ಬರುವುದಿಲ್ಲ. ಆದ್ದರಿಂದ ಕೆರೆಯ ವಿಷಯವನ್ನು ಪೂರ್ತಿ ಮರೆತು, ಅವಳಿಗೆ ಈ ತಿಂಗಳಲ್ಲಿ ಏನು ಬೇಕಾಗಿದೆ ಎಂದು ಮೊದಲು ಯೋಚಿಸಿ. ಅವಳು ತಾಲ್ಲೂಕು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಇಲಾಖಾ ಪರೀಕ್ಷೆಗೆ ಓದುತ್ತಿದ್ದಾಳೆ. ಎರಡು ಸಲ ತಪ್ಪಿದೆ, ಈ ಸಲವಾದರೂ ಪಾಸಾಗಬೇಕು. ಬೆಳಿಗ್ಗೆ ಐದಕ್ಕೆ ಎದ್ದು, ಕುಕ್ಕರ್ ಇಟ್ಟು, ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ತೆರೆಯುತ್ತಾಳೆ. ಇದಿಷ್ಟು ಸಿಕ್ಕಿದ ಮೇಲೆ ಎರಡು ಕಥೆಗಳನ್ನು ಸೇರಿಸುವ ಗಂಟು ಹುಡುಕಿ: ಕೆರೆಯಂಗಳದ ಸೈಟುಗಳಲ್ಲಿ ಒಂದನ್ನು ಕೊಂಡವನು ಅವಳ ಅಣ್ಣ, ಅವಳ ಮದುವೆಗೆಂದು ಸಾಲ ಮಾಡಿ ಹತ್ತು ವರ್ಷ ತೀರಿಸಿದವನೂ ಅವನೇ.

ಈಗ ಮೇಷ್ಟ್ರ ಹೇಳಿಕೆಯ ಬೆಲೆ ಯಾರು ತೆರುತ್ತಾರೆ ಎಂಬುದು ಸ್ಪಷ್ಟವಾಯಿತು. ಅವಳಿಗೆ ಕಚೇರಿಯ ಕಾಗದಪತ್ರಗಳ ಒಳಗುಟ್ಟು ಗೊತ್ತು. ಯಾವ ಪಹಣಿಯಲ್ಲಿ ಏನು ತಿದ್ದಲಾಗಿದೆ ಎಂಬುದು ಗಂಡನಿಗಿಂತ ಮೊದಲೇ ಅವಳಿಗೆ ತಿಳಿದಿರಬಹುದು. ಅವಳು ಅದನ್ನು ಇಷ್ಟು ದಿನ ಏಕೆ ಹೇಳಲಿಲ್ಲ ಎಂಬುದೇ ಕಥೆಯ ನಡುಗಂಬವಾಗುತ್ತದೆ. ಜೊತೆಗಾರರಿಗೆ ನಾಯಕನಿಗೆ ತಿಳಿಯದ ಯಾವುದಾದರೂ ಒಂದು ವಿಷಯದ ಅರಿವನ್ನು ಕೊಡಿ ಎಂದು ನಾನು ಒತ್ತಿ ಹೇಳುತ್ತೇನೆ. ಭೈರಪ್ಪನವರ ‘ಗೃಹಭಂಗ’ದಲ್ಲಿ (1970) ಶಾನುಭೋಗಿಕೆ ಗಂಡ ಚೆನ್ನಿಗರಾಯನ ಹೆಸರಿನಲ್ಲಿದೆ, ಲೆಕ್ಕ ಬರೆಯುವ ಬುದ್ಧಿ ನಂಜಮ್ಮನದು. ಆ ಒಂದು ಏರುಪೇರಿನಿಂದ ಅವಳ ಇಡೀ ಬದುಕಿನ ಹೋರಾಟ ನಮಗೆ ಕಾಣುತ್ತದೆ. ಅವಳು ಒಂಟಿಯಾಗಿದ್ದಿದ್ದರೆ ಆ ಹೋರಾಟಕ್ಕೆ ಈ ಸ್ವರೂಪವೇ ಇರುತ್ತಿರಲಿಲ್ಲ.

ಗಂಡ ಹೆಂಡಿರ ಮಾತು

ಸಂಸಾರದ ಮಾತನ್ನು ಬರೆಯಲು ಕನ್ನಡದಲ್ಲಿ ಇರುವಷ್ಟು ಸಲಕರಣೆ ಬಹಳ ಭಾಷೆಗಳಲ್ಲಿ ಇಲ್ಲವೆಂದೇ ನನ್ನ ನಂಬಿಕೆ, ಆದರೆ ನಾವು ಅದನ್ನು ಬಳಸುವುದು ಕಡಿಮೆ. ಸಂಬೋಧನೆಯಿಂದಲೇ ಶುರುಮಾಡಿ. ಹಳೆಯ ತಲೆಮಾರಿನ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ; ಎದುರಿಗಿದ್ದರೆ ‘ರೀ’, ‘ಏನ್ರೀ’, ಇನ್ನೊಬ್ಬರ ಬಳಿ ‘ಇವರು’, ‘ನಮ್ಮನೆಯವರು’, ‘ಯಜಮಾನರು’. ಉತ್ತರ ಕರ್ನಾಟಕದ ಕಡೆ ‘ನಮ್ಮ ಮಾಲಕರು’ ಎನ್ನುವುದುಂಟು. ಗಂಡ ಅವಳನ್ನು ‘ಲೇ’, ‘ಇವಳೇ’ ಎನ್ನುತ್ತಾನೆ, ಅಥವಾ ಮಗುವಿನ ಹೆಸರಿಗೆ ‘ಅಮ್ಮ’ ಸೇರಿಸಿ ಕರೆಯುತ್ತಾನೆ. ಅವಳದು ಬಹುವಚನ, ಅವನದು ಏಕವಚನ. ಇಂದಿನ ನಗರದ ದಂಪತಿ ಹೆಸರು ಹಿಡಿದು, ಇಬ್ಬರೂ ‘ನೀನು’ ಎಂದೇ ಮಾತನಾಡಬಹುದು, ಆದರೆ ಅದೇ ಹೆಂಡತಿ ಅತ್ತೆಯ ಮುಂದೆ ‘ಅವರು ಊಟ ಮಾಡಿದರು’ ಎನ್ನುತ್ತಾಳೆ. ಒಂದು ಜೋಡಿಗೆ ಯಾವ ರೀತಿ ಎಂಬುದನ್ನು ಮೊದಲ ಪುಟದಲ್ಲೇ ನೆಲೆಗೊಳಿಸಿ, ಆಮೇಲೆ ಕಥೆಯಲ್ಲಿ ಒಂದೇ ಒಂದು ಕಡೆ ಅದನ್ನು ಮುರಿಯಿರಿ. ಹದಿನಾರು ವರ್ಷ ‘ರೀ’ ಎಂದವಳು ಒಂದು ರಾತ್ರಿ ಆ ‘ರೀ’ಯನ್ನು ಬಿಟ್ಟು ಮಾತನಾಡಿದರೆ, ಸದಾ ‘ನೀನು’ ಎನ್ನುವವನು ಸಿಟ್ಟಿನಲ್ಲಿ ‘ತಾವು ಹೇಳಿದ ಹಾಗೆ ಆಗಲಿ’ ಎಂದರೆ, ಕನ್ನಡದ ಓದುಗನಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಎರಡನೆಯದಾಗಿ, ಬಹುಕಾಲ ಜೊತೆಯಲ್ಲಿ ಬಾಳಿದವರು ದೊಡ್ಡ ವಿಷಯವನ್ನು ನೇರವಾಗಿ ಆಡುವುದು ಕಡಿಮೆ ಎಂಬುದನ್ನು ನೆನಪಿಡಿ. ಮೇಷ್ಟ್ರ ಮನೆಯ ಆ ರಾತ್ರಿಯನ್ನು ಹೀಗೆ ಬರೆಯಬಹುದು.

‘ಸೋಮವಾರ ಹೇಳಿಕೆ ಕೊಡೋಕೆ ಕರೆದಿದಾರೆ.’

‘ಕೊಡಿ.’

ಸ್ವಲ್ಪ ಹೊತ್ತಿನ ನಂತರ ಅವಳೇ, ‘ಭಾನುವಾರ ಅಣ್ಣ ಬರ್ತಾನಂತೆ, ಅಡುಗೆಗೆ ಏನು ಮಾಡಲಿ?’ ಎಂದಳು.

‘ಏನಾದ್ರೂ ಮಾಡು.’

‘ಅವನಿಗೆ ಹೀರೇಕಾಯಿ ಬಜ್ಜಿ ಅಂದ್ರೆ ಇಷ್ಟ.’

ಇಲ್ಲಿ ಸೈಟಿನ ಹೆಸರೇ ಬಂದಿಲ್ಲ, ಆದರೂ ಇಬ್ಬರೂ ಅದನ್ನೇ ಮಾತನಾಡುತ್ತಿದ್ದಾರೆ. ಇದರ ಕೆಳಗೆ ‘ಅವಳ ಮಾತಿನಲ್ಲಿ ನೋವಿತ್ತು’ ಎಂದು ಸೇರಿಸುವ ಆಸೆ ಬರುತ್ತದೆ; ಸೇರಿಸಬೇಡಿ.

ಪ್ರತಿಯೊಂದು ಸಂಸಾರಕ್ಕೂ ಹೊರಗಿನವರಿಗೆ ತಿಳಿಯದ ಕೆಲವು ಶಬ್ದಗಳಿರುತ್ತವೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎಂಬ ಶೀರ್ಷಿಕೆಯೇ ಇಂಥದೊಂದು ಶಬ್ದ: ಅದು ನಿರೂಪಕನ ಹೆಂಡತಿಯ ತವರಿನಲ್ಲಿ ಹುಟ್ಟಿದ ಮಾತು, ಯಾವ ನಿಘಂಟಿನಲ್ಲೂ ಇಲ್ಲ, ಮದುವೆಯಾದ ಮೇಲೆ ಗಂಡನಿಗೂ ದಾಟಿಬರುತ್ತದೆ. ನಿಮ್ಮ ಜೋಡಿಗೂ ಅಂಥ ಒಂದು ಮಾತು ಇರಲಿ, ಆದರೆ ಅದು ಮುದ್ದಿಗಾಗಿ ಮಾತ್ರ ಬಂದರೆ ಬೇಗ ಸಪ್ಪೆಯಾಗುತ್ತದೆ. ಜಗಳದಲ್ಲೂ ಅದೇ ಮಾತು ಬಳಕೆಗೆ ಬರಬೇಕು.

ದಾಂಪತ್ಯ ಸಪ್ಪೆಯಾದ ವಸ್ತು ಎನ್ನುವವರಿಗೆ ನಮ್ಮ ಸಾಹಿತ್ಯವೇ ಉತ್ತರ ಕೊಡುತ್ತದೆ. ಮುದ್ದಣ (1870–1901) ತನ್ನ ರಾಮಾಶ್ವಮೇಧದ ಕಥೆಯನ್ನು ಗಂಡ ಹೆಂಡತಿಗೆ ಹೇಳುವ ಕಥೆಯಾಗಿ ಕಟ್ಟಿದ. ಮನೋರಮೆ ಕೇಳುವುದಷ್ಟೇ ಅಲ್ಲ, ತಡೆಯುತ್ತಾಳೆ, ಕೆಣಕುತ್ತಾಳೆ, ಅರ್ಥವಾಗದ ಮಾತಿಗೆ ಆಕ್ಷೇಪಿಸುತ್ತಾಳೆ. ಇಂದಿಗೂ ಅನೇಕರಿಗೆ ರಾಮನ ಕಥೆಗಿಂತ ಆ ಇಬ್ಬರ ಸಲ್ಲಾಪವೇ ನೆನಪಿನಲ್ಲಿದೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ (1942) ಮದುವೆಯಾದವರ ಒಲವನ್ನೇ ಹಾಡಿ ಮನೆಮನೆಯ ಮಾತಾಯಿತು. ಕಾವ್ಯದಲ್ಲಿ ಇಷ್ಟು ಸಮೃದ್ಧವಾಗಿ ಬಂದದ್ದು ಇಂದಿನ ಸಣ್ಣಕಥೆಯಲ್ಲಿ ಏಕೆ ಬತ್ತಬೇಕು ಎಂದು ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಇನ್ನು ಕೆಲವು ತೊಡಕುಗಳು

ಸಂಸಾರಸ್ಥರ ಕಥೆ ಎಂದೊಡನೆ ಪರಸಂಗದ ಕಡೆಗೆ ಹೊರಳುವುದು ಸುಲಭ. ಅದು ವಸ್ತುವಾಗಬಾರದೆಂದಲ್ಲ, ಆದರೆ ಮದುವೆಯೊಳಗೆ ಏನೂ ನಡೆಯುವುದಿಲ್ಲ ಎಂಬ ಅದೇ ಹಳೆಯ ನಂಬಿಕೆಯಿಂದ ಅದು ಬಂದಿದೆಯೇ ಎಂದು ಕೇಳಿಕೊಳ್ಳಿ. ಮನೆ ಕಟ್ಟಲು ಯಾರ ಒಡವೆ ಅಡವಿಡಬೇಕು, ವಯಸ್ಸಾದ ತಾಯಿ ಯಾವ ಮಗನ ಮನೆಯಲ್ಲಿರಬೇಕು, ವರ್ಗವಾದಾಗ ಯಾರು ಕೆಲಸ ಬಿಡಬೇಕು ಎಂಬ ಪ್ರಶ್ನೆಗಳಲ್ಲಿ ಒಂದೊಂದೂ ಒಂದು ಕಾದಂಬರಿಯನ್ನು ಹೊರಬಲ್ಲದು.

ಪ್ರಯಾಣದ ಕಥೆಗಳಲ್ಲಿ ನಾಯಕನನ್ನು ಒಬ್ಬನೇ ಕಳುಹಿಸಬೇಕಾದರೆ ಕಳುಹಿಸಿ, ಆದರೆ ಮನೆಯನ್ನು ಮುಚ್ಚಬೇಡಿ. ರಾತ್ರಿಯ ಒಂದು ಫೋನು, ತಪ್ಪಿಹೋದ ಒಂದು ಫೋನು, ಗ್ಯಾಸ್ ಮುಗಿದ ಸುದ್ದಿ, ಮಗುವಿನ ಜ್ವರ ಇಳಿಯಿತೆಂಬ ಮಾತು ಅವನ ಜೊತೆಗೇ ಸಾಗುತ್ತಿರಲಿ. ಮಕ್ಕಳನ್ನು ಅಜ್ಜಿಯ ಮನೆಗೆ ಕಳುಹಿಸಿ ಕೈತೊಳೆದುಕೊಳ್ಳುವ ಲೇಖಕರು ಬಹಳ ಮಂದಿ. ಗೋಡೆಯಾಚೆ ಮಗು ಮಲಗಿರುವಾಗ ಪಿಸುಮಾತಿನಲ್ಲಿ ಆಡಬೇಕಾದ ಜಗಳ, ಕೂಗಾಡುವ ಜಗಳಕ್ಕಿಂತ ಎಷ್ಟೋ ತೀವ್ರವಾಗಿರುತ್ತದೆ.

ಯಾರು ಹೇಳುತ್ತಾರೆ ಎಂಬುದನ್ನೂ ಆಲೋಚಿಸಬೇಕು. ನಾಯಕನೇ ‘ನಾನು’ ಎಂದು ಹೇಳಿದರೆ ಹೆಂಡತಿ ಅವನಿಗೆ ಕಂಡಷ್ಟೇ ಕಾಣುತ್ತಾಳೆ. ಅವನು ಕಾಣದ್ದನ್ನು ಓದುಗ ಕಾಣುವಂತೆ ಮಾಡಲು ಅವಳ ಮಾತನ್ನೂ ಕೆಲಸವನ್ನೂ ಅವನ ಅಭಿಪ್ರಾಯ ಬೆರೆಸದೆ ದಾಖಲಿಸಬೇಕು. ಶಿವರಾಮ ಕಾರಂತರು ‘ಬೆಟ್ಟದ ಜೀವ’ದಲ್ಲಿ (1943) ಬೇರೆಯೇ ದಾರಿ ಹಿಡಿದರು. ಘಟ್ಟದ ಕಾಡಿನ ನಡುವೆ ತೋಟ ಮಾಡಿಕೊಂಡಿರುವ ಮುದುಕ ಗೋಪಾಲಯ್ಯ, ಅವರ ಹೆಂಡತಿ, ಮನೆ ಬಿಟ್ಟು ಹೋದ ಮಗ. ಇದನ್ನೆಲ್ಲ ನೋಡಿ ಹೇಳುವವನು ಆ ಮನೆಗೆ ಬಂದ ಅತಿಥಿ. ಹೊರಗಿನವನಿಗೆ ಇಬ್ಬರೂ ಸಮಾನ ದೂರದಲ್ಲಿರುತ್ತಾರೆ; ಗಂಡ ನಗಿಸುತ್ತಿರುವಾಗ ಹೆಂಡತಿಯ ಮುಖ ಹೇಗಿತ್ತು ಎಂಬುದು ಅತಿಥಿಯ ಕಣ್ಣಿಗೆ ಬೀಳುತ್ತದೆ.

ಕರಡು ಮುಗಿದ ಮೇಲೆ, ಜೊತೆಗಾರರು ಬರುವ ಪುಟಗಳನ್ನು ಮಾತ್ರ ಬೇರೆ ತೆಗೆದು, ಅದೇ ಒಂದು ಪೂರ್ತಿ ಕಥೆಯೆಂಬಂತೆ ಗಟ್ಟಿಯಾಗಿ ಓದಿ. ಅದಕ್ಕೆ ಆರಂಭ, ನಡು, ಕೊನೆ ಇದೆಯೇ ಎಂದು ನೋಡಿ. ಮೇಷ್ಟ್ರ ಕಥೆಯನ್ನು ಹೀಗೆ ಓದಿದರೆ ಸೋಮವಾರದ ಹೇಳಿಕೆ, ಅಣ್ಣನ ಮುನಿಸು, ಸೈಟಿನ ಗತಿ ಎಲ್ಲವೂ ಬಂದಿರುತ್ತವೆ, ಆದರೆ ಅವಳ ಇಲಾಖಾ ಪರೀಕ್ಷೆಯ ಫಲಿತಾಂಶವನ್ನು ಬರೆಯಲು ಲೇಖಕ ಮರೆತಿರುವ ಸಾಧ್ಯತೆ ಬಹಳ. ಹೇಳಿಕೆ ಕೊಟ್ಟು ಮನೆಗೆ ಬಂದ ಮೇಷ್ಟ್ರು ಆ ಫಲಿತಾಂಶವನ್ನು ಕೇಳುತ್ತಾರೋ ಇಲ್ಲವೋ ಎಂಬುದನ್ನು ನಿರ್ಧರಿಸಿ, ಆ ಪುಟವನ್ನು ಕೂಡಲೇ ಬರೆಯಿರಿ.